ಹೊರೆ ಹೊರುವ ಬೈಸಿಕಲ್ಲು

ರಾಜ್ಯಗಳ ಏಳುಬೀಳುಗಳನ್ನು ಕುರಿತು ಬರೆಯುವವರು ಸೇನಾನಾಯಕರ ಶೌರ್ಯವನ್ನೂ ಮಂತ್ರಿಗಳ ಚಾತುರ್ಯವನ್ನೂ ವಿಸ್ತಾರವಾಗಿ ವರ್ಣಿಸುವುದುಂಟು. ಆ ಸೇನೆಯ ಅಕ್ಕಿಯನ್ನು ಹೊತ್ತವರು ಯಾರು, ಫಿರಂಗಿಗಳನ್ನು ಎಳೆದವು ಯಾವುವು ಎಂಬ ಮಾತು ಅಲ್ಲಿ ಅಪೂರ್ವ. ಆದರೆ ಹೊರೆ ಸಾಗದಿದ್ದರೆ ಶೌರ್ಯವೂ ಸಾಗದೆಂಬುದಕ್ಕೆ ಕನ್ನಡನಾಡಿನ ಚರಿತ್ರೆಯೇ ಸಾಕ್ಷಿ. ೧೭೯೧ನೆಯ ಇಸವಿ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಬಳಿಗೆ ಬಂದು, ಅರಕೆರೆಯ ಕಾಳಗದಲ್ಲಿ ಮೇಲುಗೈಯನ್ನು ಪಡೆದೂ, ಕೋಟೆಗೆ ಮುತ್ತಿಗೆ ಹಾಕಲಾರದೆ ಹಿಂದಿರುಗಬೇಕಾಯಿತು. ಅವನ ಎತ್ತುಗಳು ರೋಗದಿಂದಲೂ ಮೇವಿಲ್ಲದೆಯೂ ಸತ್ತುಹೋಗಿದ್ದವು. ಎಳೆಯುವ ಪಶುಗಳಿಲ್ಲದ ಕಾರಣ ಮುತ್ತಿಗೆಯ ಭಾರಿ ಫಿರಂಗಿಗಳನ್ನು ಅವನೇ ಹಾಳುಮಾಡಿಸಿದನು. ಹಿಂದಿರುಗುವ ದಾರಿಯಲ್ಲಿ ಮರಾಠರ ಸೇನೆ ಕೂಡಿಕೊಂಡು, ಅವರ ಬಜಾರಿನ ಧಾನ್ಯ ದೊರೆತುದರಿಂದ ಸೈನಿಕರ ಹಸಿವು ತೀರಿತು. ಮರುವರ್ಷ ಅವನು ಮತ್ತೆ ಬಂದಾಗ ಅವನ ಬಲದ ಹಿಂದೆ ಲಂಬಾಣಿಗರ ಹೇರೆತ್ತುಗಳ ಸಾಲು ಇದ್ದಿತು.

ಹೀಗೆ ಸಾವಿರಾರು ವರ್ಷಗಳವರೆಗೆ ಲೋಕದ ಹೊರೆಯನ್ನು ನೆಲದ ಮೇಲೆ ಸಾಗಿಸುವುದಕ್ಕೆ ಇದ್ದ ಸಾಧನಗಳು ಎರಡೇ: ಪಶುವಿನ ಬೆನ್ನು ಕೊರಳುಗಳು, ಮನುಷ್ಯನ ತಲೆ ಹೆಗಲುಗಳು. ಉಗಿಬಂಡಿ ಮತ್ತು ಮೋಟಾರು ಲಾರಿಗಳು ಬಂದ ಮೇಲೆ ದೂರದ ದಾರಿಯ ಭಾರ ಅವುಗಳ ಪಾಲಿಗೆ ಹೋಯಿತು. ಆದರೆ ರೈಲು ನಿಲ್ದಾಣದಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ, ತೋಟದಿಂದ ಸಂತೆಗೆ ಹೋಗುವ ಸಣ್ಣ ಹೊರೆಯ ಪ್ರಶ್ನೆ ಉಳಿದೇ ಇದ್ದಿತು. ಇದಕ್ಕೆ ಒಂದು ಉತ್ತರವಾಗಿ ಬಂದುದು ಬೈಸಿಕಲ್ಲು. ವಿನೋದಕ್ಕಾಗಿ ಹುಟ್ಟಿ, ಬಡವನ ವಾಹನವಾಗಿ ಬೆಳೆದು, ಲಾರಿಗಳ ಕಾಲದಲ್ಲಿ ಮೂಲೆಗೆ ಸರಿದು, ಈಗ ವಿದ್ಯುಚ್ಛಕ್ತಿಯ ನೆರವಿನಿಂದ ಮತ್ತೆ ದೊಡ್ಡ ಪಟ್ಟಣಗಳ ಬೀದಿಗಳಿಗೆ ಬಂದಿರುವ ಈ ಭಾರವಾಹಕ ಬೈಸಿಕಲ್ಲಿನ ಚರಿತ್ರೆ ವಿಚಾರಾರ್ಹವಾದುದು.

ಬೈಸಿಕಲ್ಲಿನ ಮೂಲಪುರುಷನು ಜರ್ಮನಿಯ ಕಾರ್ಲ್ ಡ್ರೈಸ್ ಎಂಬವನು. ೧೮೧೭ನೆಯ ಇಸವಿ ಜೂನ್ ೧೨ರಂದು ಅವನು ಮಾನ್‌ಹೈಮ್ ಪಟ್ಟಣದಿಂದ ಒಂದರ ಹಿಂದೊಂದು ಎರಡು ಗಾಲಿಗಳುಳ್ಳ ಮರದ ಯಂತ್ರವೊಂದನ್ನು ಏರಿ, ಕಾಲುಗಳಿಂದ ನೆಲವನ್ನು ಒದೆಯುತ್ತ ಸವಾರಿ ಮಾಡಿದನು. ಅದಕ್ಕೆ ಎರಡು ವರ್ಷಗಳ ಹಿಂದೆ, ೧೮೧೫ರಲ್ಲಿ, ಪೂರ್ವದ್ವೀಪಗಳ ತಂಬೋರಾ ಪರ್ವತವು ಬೆಂಕಿಯುಗುಳಿ, ಅದರ ಬೂದಿ ಆಕಾಶವನ್ನು ಮುಸುಕಿದುದರಿಂದ ೧೮೧೬ರಲ್ಲಿ ಯೂರೋಪಿಗೆ ಬೇಸಗೆಯೇ ಬರಲಿಲ್ಲ. ಬೆಳೆ ಕೆಟ್ಟು ಓಟ್ಸ್ ಧಾನ್ಯದ ಬೆಲೆ ಏರಿತು. ಕುದುರೆಗಳನ್ನು ಸಾಕುವುದು ದುಸ್ತರವಾಯಿತು. ಕುದುರೆಯಿಲ್ಲದೆ ಸಂಚರಿಸುವ ಉಪಾಯವನ್ನು ಡ್ರೈಸನು ಹುಡುಕಿದುದಕ್ಕೆ ಈ ಕ್ಷಾಮವೇ ಪ್ರೇರಣೆಯಾಗಿರಬಹುದೆಂದು ಕೆಲವರು ವಿದ್ವಾಂಸರು ಊಹಿಸುತ್ತಾರೆ. ಊಹೆ ಹೇಗಾದರೂ ಇರಲಿ, ಪಶುವಿನ ಮೇವಿಗೂ ಮನುಷ್ಯನ ವಾಹನಕ್ಕೂ ಇರುವ ಸಂಬಂಧವನ್ನು ಅದು ಚೆನ್ನಾಗಿ ತೋರಿಸುತ್ತದೆ.

ಡ್ರೈಸನ ಯಂತ್ರವು ಶ್ರೀಮಂತರ ಆಟದ ವಸ್ತುವಾಗಿ ಕೆಲವು ಕಾಲ ಮೆರೆದು ಮರೆಯಾಯಿತು. ೧೮೬೦ರ ದಶಕದಲ್ಲಿ ಫ್ರಾನ್ಸಿನಲ್ಲಿ ಅದರ ಮುಂದಿನ ಗಾಲಿಗೆ ಪೆಡಲುಗಳು ಬಂದವು. ೧೮೮೫ರಲ್ಲಿ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿಯು ಸರಿಸುಮಾರು ಸಮಾನವಾದ ಎರಡು ಗಾಲಿಗಳನ್ನೂ, ಹಿಂದಿನ ಗಾಲಿಗೆ ಸರಪಳಿಯನ್ನೂ ಇಟ್ಟು 'ರೋವರ್' ಎಂಬ ಬೈಸಿಕಲ್ಲನ್ನು ಹೊರತಂದನು. ೧೮೮೮ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯನಾದ ಜಾನ್ ಬಾಯ್ಡ್ ಡನ್‌ಲಪ್ಪನು ಗಾಳಿ ತುಂಬಿದ ರಬ್ಬರು ಟೈರಿಗೆ ಹಕ್ಕುಪತ್ರವನ್ನು ಪಡೆದನು. ಇವೆರಡೂ ಕೂಡಿದ ಮೇಲೆ ಬೈಸಿಕಲ್ಲು ಹೊರೆ ಹೊರುವುದಕ್ಕೆ ಯೋಗ್ಯವಾಯಿತು. ಹೇಗೆಂದರೆ, ನಡೆಯುವವನು ತಲೆಯ ಮೇಲಿನ ಭಾರವನ್ನು ಪ್ರತಿ ಹೆಜ್ಜೆಗೂ ತುಸು ಎತ್ತಿ ತುಸು ಇಳಿಸುತ್ತಾನೆ. ಆ ಶ್ರಮವೆಲ್ಲ ವ್ಯರ್ಥ. ಗಾಲಿಯ ಮೇಲಿಟ್ಟ ಭಾರವನ್ನು ಗಾಲಿಯೇ ತಾಳಿಕೊಳ್ಳುತ್ತದೆ. ಸಮನಾದ ದಾರಿಯಲ್ಲಿ ಮನುಷ್ಯನು ಅದನ್ನು ಮುಂದಕ್ಕೆ ದೂಡಿದರೆ ಸಾಕು.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಯೂರೋಪಿನ ಪಟ್ಟಣಗಳಲ್ಲಿ ರೊಟ್ಟಿಯವನು, ಹಾಲಿನವನು, ಮಾಂಸದಂಗಡಿಯ ಹುಡುಗ, ಅಂಚೆಯವನು ಇವರೆಲ್ಲರ ಕೈಯಲ್ಲಿಯೂ ಬೈಸಿಕಲ್ಲು ಕಾಣಿಸಿಕೊಂಡಿತು. ನೆದರ್ಲೆಂಡಿನವರು ಮುಂದೆ ಎರಡು ಗಾಲಿಗಳ ನಡುವೆ ಮರದ ಪೆಟ್ಟಿಗೆಯನ್ನು ಇಟ್ಟ ಮೂರು ಗಾಲಿಯ ವಾಹನಕ್ಕೆ 'ಬಕ್‌ಫೀಟ್ಸ್', ಅಂದರೆ ಪೆಟ್ಟಿಗೆಯ ಸೈಕಲ್ಲು, ಎಂದು ಹೆಸರಿಟ್ಟರು. ಡೆನ್ಮಾರ್ಕಿನ ಓಡೆನ್ಸೆ ಪಟ್ಟಣದಲ್ಲಿ ೧೯೨೦ರ ದಶಕದಲ್ಲಿ 'ಲಾಂಗ್ ಜಾನ್' ಎಂಬ ಇನ್ನೊಂದು ಜಾತಿಯ ಸೈಕಲ್ಲು ಹುಟ್ಟಿತು. ಇದಕ್ಕೆ ಗಾಲಿಗಳು ಎರಡೇ. ಆದರೆ ಮುಂದಿನ ಗಾಲಿಯನ್ನು ಬಹಳ ಮುಂದಕ್ಕೆ ಒಯ್ದು, ಹ್ಯಾಂಡಲಿಗೂ ಅದಕ್ಕೂ ನಡುವೆ ನೆಲಕ್ಕೆ ಹತ್ತಿರವಾಗಿ ಹೊರೆಯ ಹಲಗೆಯನ್ನು ಕೂಡಿಸಿದ್ದರು. ಭಾರವು ತಗ್ಗಿನಲ್ಲಿದ್ದಷ್ಟೂ ಸವಾರನಿಗೆ ತೂಕವನ್ನು ಹಿಡಿಯುವುದು ಸುಲಭ. ಹೊರೆಯು ಕಣ್ಣ ಮುಂದೆಯೇ ಇರುವುದರಿಂದ ಜಾರುವ ಭಯವೂ ಕಡಿಮೆ. ಈಗ ವಿದ್ಯುತ್ತಿನ ಮೋಟಾರನ್ನು ಕೂಡಿಸಿಕೊಂಡು ಬರುತ್ತಿರುವ ಎಷ್ಟೋ ಸೈಕಲ್ಲುಗಳ ಮೈಕಟ್ಟು ಇದೇ ಆಗಿದೆ. ಅಮೆರಿಕದಲ್ಲಿಯೂ ಹೀಗೆಯೇ. ಲೋಕವಿಖ್ಯಾತವಾದ ಯುನೈಟೆಡ್ ಪಾರ್ಸೆಲ್ ಸರ್ವಿಸ್ ಸಂಸ್ಥೆಯು ೧೯೦೭ರಲ್ಲಿ ಸಿಯಾಟಲ್ ಪಟ್ಟಣದಲ್ಲಿ ಆರಂಭವಾದಾಗ ಅದರ ಹುಡುಗರು ಕಾಲ್ನಡಿಗೆಯಿಂದಲೂ ಬೈಸಿಕಲ್ಲುಗಳಿಂದಲೂ ಸಂದೇಶಗಳನ್ನು ಮುಟ್ಟಿಸುತ್ತಿದ್ದರು.

ಎರಡನೆಯ ಮಹಾಯುದ್ಧದ ತರುವಾಯ ಮೋಟಾರು ವ್ಯಾನುಗಳು ಅಗ್ಗವಾದುದರಿಂದ ಪಾಶ್ಚಾತ್ಯ ದೇಶಗಳಲ್ಲಿ ಈ ವಾಹನಗಳು ಹಿಂದೆಬಿದ್ದವು. ಆದರೆ ಏಷ್ಯಾಖಂಡದಲ್ಲಿ ಅವುಗಳ ಪ್ರಾಬಲ್ಯ ಆಗಲೇ ಬೆಳೆಯುತ್ತಿದ್ದಿತು. ೧೯೫೪ರಲ್ಲಿ ವಿಯೆಟ್ನಾಮಿನ ದಿಯೆನ್ ಬಿಯೆನ್ ಫೂ ಕಣಿವೆಯಲ್ಲಿ ಫ್ರೆಂಚರು ಕೋಟೆ ಕಟ್ಟಿ ಕುಳಿತಾಗ, ಸುತ್ತಲಿನ ಕಾಡುಬೆಟ್ಟಗಳಿಗೆ ದೊಡ್ಡ ಸೈನ್ಯಕ್ಕೆ ಬೇಕಾದ ಅನ್ನ ಮದ್ದುಗುಂಡುಗಳನ್ನು ಶತ್ರುವು ತರಲಾರನೆಂದು ಭಾವಿಸಿದ್ದರು. ವಿಯೆಟ್ನಾಮಿನವರು ಲಾರಿಗಳಲ್ಲದೆ ಲಕ್ಷಾಂತರ ಹೊರೆಯಾಳುಗಳನ್ನೂ, ಸುಮಾರು ೨೦ ಸಾವಿರ ಬೈಸಿಕಲ್ಲುಗಳನ್ನೂ ಈ ಕಾರ್ಯಕ್ಕೆ ಹಚ್ಚಿದರು. ಆ ಸೈಕಲ್ಲುಗಳನ್ನು ಯಾರೂ ಏರಿ ತುಳಿಯಲಿಲ್ಲ. ಚೌಕಟ್ಟನ್ನು ಬಲಪಡಿಸಿ, ಹ್ಯಾಂಡಲಿಗೆ ಉದ್ದನೆಯ ಬಿದಿರನ್ನು ಕಟ್ಟಿ, ಅಕ್ಕಿಯ ಮೂಟೆಗಳನ್ನು ಇಕ್ಕೆಲದಲ್ಲಿ ತೂಗಿಸಿ, ಆಳು ಪಕ್ಕದಲ್ಲಿ ನಡೆಯುತ್ತ ದೂಡಿಕೊಂಡು ಹೋಗುತ್ತಿದ್ದನು. ಹೀಗೆ ಒಂದೊಂದರ ಮೇಲೆ ೨೦೦ ಕಿಲೋಗ್ರಾಂ ಮತ್ತು ಅದಕ್ಕೂ ಮಿಕ್ಕ ಭಾರ ಸಾಗಿತು. ೧೯೫೪ನೆಯ ಮೇ ೭ರಂದು ಕೋಟೆ ಬಿದ್ದಿತು. ಶ್ರೀರಂಗಪಟ್ಟಣದ ಎದುರಿನಲ್ಲಿ ಹೊರೆಯ ಎತ್ತುಗಳು ಹೇಳಿದ ಪಾಠವನ್ನೇ ಇಲ್ಲಿ ಬೈಸಿಕಲ್ಲು ಹೇಳಿತು.

ಭಾರತದಲ್ಲಿ ಸೈಕಲ್ಲಿನ ಭಾರವಾಹಕತ್ವಕ್ಕೆ ಯಾವ ಕಾರ್ಖಾನೆಯ ಅಪ್ಪಣೆಯೂ ಬೇಕಾಗಲಿಲ್ಲ. ಹಾಲಿನ ಕ್ಯಾನುಗಳು, ಎಳನೀರಿನ ಗೊನೆಗಳು, ಕರಾವಳಿಯ ಮೀನಿನ ಪೆಟ್ಟಿಗೆಗಳು, ಪ್ಲಾಸ್ಟಿಕ್ಕಿನ ಕೊಡಗಳ ಗೋಪುರಗಳು, ಸೌದೆಯ ಹೊರೆಗಳು, ಇವೆಲ್ಲವೂ ಸಾಧಾರಣವಾದ ಕಪ್ಪು ಸೈಕಲ್ಲಿನ ಹಿಂದಿನ ಕ್ಯಾರಿಯರಿನ ಮೇಲೆಯೇ ಹಳ್ಳಿಯಿಂದ ಪೇಟೆಗೂ ಪೇಟೆಯಿಂದ ಹಳ್ಳಿಗೂ ಸಾಗಿದವು. ಉತ್ತರದ ಪಟ್ಟಣಗಳಲ್ಲಿ ಮೂರು ಗಾಲಿಯ ಸೈಕಲ್ ಬಂಡಿಯು ಕಬ್ಬಿಣ, ಕಾಗದ, ಬಟ್ಟೆಯ ಗಂಟುಗಳನ್ನು ಸಂದುಗೊಂದಿಗಳಲ್ಲಿ ಎಳೆಯಿತು. ಈ ವಾಹನಗಳ ಬಂಡವಾಳವು ಸ್ವಲ್ಪ. ಆದರೆ ಅವುಗಳ ನಿಜವಾದ ಇಂಧನವು ಆಳಿನ ಮೊಣಕಾಲು, ಸೊಂಟ, ಶ್ವಾಸಕೋಶಗಳು. ಆ ಲೆಕ್ಕವನ್ನು ಯಾವ ವರ್ತಕನೂ ತನ್ನ ಖಾತೆಯಲ್ಲಿ ಬರೆಯಲಿಲ್ಲ.

ಈ ದೇಹಶ್ರಮದ ಮಿತಿಯು ಎಲ್ಲಿದೆಯೆಂಬುದನ್ನು ಸರಳವಾದ ಗಣಿತದಿಂದ ತಿಳಿಯಬಹುದು. ಸವಾರ, ಸೈಕಲ್ಲು, ಹೊರೆ ಮೂರೂ ಸೇರಿ ೨೦೦ ಕಿಲೋಗ್ರಾಂ ಇರಲಿ. ದಾರಿಯು ೨೦೦ ಮೀಟರಿಗೆ ೧೦ ಮೀಟರು ಏರಲಿ. ದೃಢಕಾಯನಾದ ಮನುಷ್ಯನು ದಿನವಿಡೀ ಆಯಾಸಗೊಳ್ಳದೆ ಕೊಡಬಲ್ಲ ಶಕ್ತಿ ಸುಮಾರು ೭೫ ವಾಟು. ಗಾಳಿಯ ಮತ್ತು ನೆಲದ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಈ ಏರನ್ನು ಏರುವುದಕ್ಕೆ ಅವನಿಗೆ ನಾಲ್ಕು ನಿಮಿಷಕ್ಕಿಂತ ಹೆಚ್ಚು ಕಾಲ ಬೇಕು. ಅಂದರೆ ಗಂಟೆಗೆ ೩ ಕಿಲೋಮೀಟರಿಗೂ ಕಡಿಮೆಯಾದ ವೇಗ. ಆ ವೇಗದಲ್ಲಿ ಎರಡು ಗಾಲಿಯ ವಾಹನವನ್ನು ನೆಟ್ಟಗೆ ನಿಲ್ಲಿಸುವುದೇ ಕಷ್ಟ. ಆದುದರಿಂದ ಅವನು ಒಂದೋ ಶಕ್ತಿಮೀರಿ ತುಳಿದು ಮೈಯನ್ನು ಸವೆಸಿಕೊಳ್ಳಬೇಕು, ಇಲ್ಲವೇ ಇಳಿದು ದೂಡಬೇಕು. ಅವನ ೭೫ ವಾಟಿನ ಜೊತೆಗೆ ೨೫೦ ವಾಟಿನ ಸಣ್ಣ ಮೋಟಾರೊಂದು ಕೂಡಿಕೊಂಡಿತೆಂದರೆ ಅದೇ ಏರು ಸುಮಾರು ಒಂದು ನಿಮಿಷದ ಕೆಲಸವಾಗುತ್ತದೆ. ಬೆಂಗಳೂರು, ಮಂಗಳೂರು, ಮಡಿಕೇರಿಗಳಂತಹ ಏರುತಗ್ಗಿನ ಊರುಗಳಲ್ಲಿ ಹೊರೆಯ ಸೈಕಲ್ಲನ್ನು ದೂಡಿದವರಿಗೆ ಈ ವ್ಯತ್ಯಾಸದ ಅರ್ಥವನ್ನು ವಿವರಿಸಬೇಕಾದುದಿಲ್ಲ.

ಬೈಸಿಕಲ್ಲಿಗೆ ವಿದ್ಯುತ್ತನ್ನು ಕೂಡಿಸುವ ಯೋಚನೆ ಹೊಸದಲ್ಲ. ೧೮೮೧ರಲ್ಲಿ ಪ್ಯಾರಿಸ್ಸಿನಲ್ಲಿ ಗುಸ್ತಾವ್ ತ್ರೂವೇ ಎಂಬವನು ಮೂರು ಗಾಲಿಯ ಸೈಕಲ್ಲೊಂದನ್ನು ವಿದ್ಯುತ್ತಿನಿಂದ ಓಡಿಸಿದನು. ಮರುವರ್ಷ ಲಂಡನ್ನಿನಲ್ಲಿ ಏರ್ಟನ್ ಮತ್ತು ಪೆರ್ರಿ ಎಂಬ ಪಂಡಿತರು ಹಾಗೆಯೇ ಮಾಡಿ ತೋರಿಸಿದರು. ೧೮೯೫ನೆಯ ಡಿಸೆಂಬರ್ ೩೧ರಂದು ಅಮೆರಿಕದ ಆಗ್ಡನ್ ಬೋಲ್ಟನ್ನನು ಹಿಂದಿನ ಗಾಲಿಯ ಗುಂಬದಲ್ಲಿಯೇ ಮೋಟಾರನ್ನು ಅಡಗಿಸಿದ ಬೈಸಿಕಲ್ಲಿಗೆ ಹಕ್ಕುಪತ್ರವನ್ನು ಪಡೆದನು. ಅವನ ಏರ್ಪಾಡಿನಲ್ಲಿ ೧೦ ವೋಲ್ಟಿನ ಬ್ಯಾಟರಿಯು ೧೦೦ ಆಂಪಿಯರುಗಳವರೆಗೆ ಪ್ರವಾಹವನ್ನು ಕೊಡಬೇಕಾಗಿದ್ದಿತು. ತತ್ತ್ವವು ಸರಿಯಾಗಿಯೇ ಇದ್ದಿತು. ಈಗಲೂ ಅನೇಕ ಸೈಕಲ್ಲುಗಳ ಮೋಟಾರು ಗಾಲಿಯ ನಡುವೆಯೇ ಇದೆ. ಕೊರತೆಯಿದ್ದುದು ಬ್ಯಾಟರಿಯಲ್ಲಿ. ೧೮೫೯ರಲ್ಲಿ ಗಾಸ್ತಾನ್ ಪ್ಲಾಂಟೇ ಕಂಡುಹಿಡಿದ ಸೀಸದ ಬ್ಯಾಟರಿಯು ವಿಶ್ವಾಸಕ್ಕೆ ಅರ್ಹವಾದರೂ ಬಹಳ ಭಾರವಾದುದು. ಹೊರೆಯನ್ನು ಸಾಗಿಸಲೆಂದು ತಂದ ಸಾಧನವೇ ಮತ್ತೊಂದು ಹೊರೆಯಾದರೆ ಪ್ರಯೋಜನವೇನು? ಈ ಕಾರಣದಿಂದ ವಿದ್ಯುತ್ ಬೈಸಿಕಲ್ಲು ಸುಮಾರು ನೂರು ವರ್ಷಗಳ ಕಾಲ ಪ್ರದರ್ಶನದ ವಸ್ತುವಾಗಿಯೇ ಉಳಿಯಿತು.

ಬೀಗ ತೆರೆದುದು ಜಪಾನಿನಲ್ಲಿ. ೧೯೯೧ರಲ್ಲಿ ಸೋನಿ ಸಂಸ್ಥೆಯು ಲಿಥಿಯಂ ಅಯಾನು ಬ್ಯಾಟರಿಯನ್ನು ಮಾರಾಟಕ್ಕೆ ತಂದಿತು. ಅದರ ಮೂಲತತ್ತ್ವಗಳನ್ನು ಸಾಧಿಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರಿಗೆ ೨೦೧೯ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಒಂದೇ ತೂಕದ ಸೀಸದ ಬ್ಯಾಟರಿಗಿಂತ ಇದು ನಾಲ್ಕೈದು ಪಟ್ಟು ಶಕ್ತಿಯನ್ನು ಹಿಡಿಯಬಲ್ಲುದು. ೧೯೯೩ರಲ್ಲಿ ಯಮಾಹ ಸಂಸ್ಥೆಯು ಸವಾರನು ಪೆಡಲಿನ ಮೇಲೆ ಹಾಕುವ ಒತ್ತಡವನ್ನು ಅಳೆದು, ಅದಕ್ಕೆ ಅನುಗುಣವಾಗಿ ಮೋಟಾರಿನ ನೆರವನ್ನು ಕೊಡುವ ಸೈಕಲ್ಲನ್ನು ತಂದಿತು. ಇದರಲ್ಲಿ ಯಂತ್ರವು ಮನುಷ್ಯನನ್ನು ಕೆಳಗಿಳಿಸಿ ತಾನೇ ಒಡೆಯನಾಗುವುದಿಲ್ಲ; ಅವನು ತುಳಿದರೆ ತಾನೂ ತುಳಿಯುತ್ತದೆ, ಅವನು ನಿಂತರೆ ತಾನೂ ನಿಲ್ಲುತ್ತದೆ. ಯೂರೋಪಿನ ಒಕ್ಕೂಟವು ೨೦೦೨ರಲ್ಲಿ ೨೫೦ ವಾಟಿಗೆ ಮೀರದ, ಗಂಟೆಗೆ ೨೫ ಕಿಲೋಮೀಟರಿನ ವೇಗದಲ್ಲಿ ನೆರವು ನಿಂತುಹೋಗುವ, ತುಳಿದಾಗ ಮಾತ್ರ ನಡೆಯುವ ಇಂತಹ ವಾಹನವನ್ನು ಮೋಟಾರು ಸೈಕಲ್ಲುಗಳ ಕಟ್ಟಳೆಯಿಂದ ಹೊರಗಿಟ್ಟು ಬೈಸಿಕಲ್ಲೆಂದೇ ಎಣಿಸಿತು.

ಈ ವೇಳೆಗೆ ಹೊರೆಯ ಸೈಕಲ್ಲಿಗೂ ಪುನರ್ಜನ್ಮ ಬಂದಿದ್ದಿತು. ಕೋಪನ್‌ಹೇಗನ್ನಿನ ಕ್ರಿಸ್ಟಿಯಾನಿಯಾ ಎಂಬ ಭಾಗದಲ್ಲಿ ಕಾರುಗಳಿಗೆ ಅವಕಾಶವಿರಲಿಲ್ಲ. ೧೯೮೪ರಲ್ಲಿ ಅಲ್ಲಿನ ಕಮ್ಮಾರನಾದ ಲಾರ್ಸ್ ಎಂಗ್‌ಸ್ಟ್ರೋಮನು ತನ್ನ ಸಂಗಾತಿಗಾಗಿ ಮುಂದೆ ಪೆಟ್ಟಿಗೆಯುಳ್ಳ ಮೂರು ಗಾಲಿಯ ಸೈಕಲ್ಲನ್ನು ಮಾಡಿಕೊಟ್ಟನು. ಅದನ್ನು ನೋಡಿದವರೆಲ್ಲರೂ ಅಂತಹುದೇ ಬೇಕೆಂದರು. ಡೆನ್ಮಾರ್ಕಿನ ಗೃಹಸ್ಥರು ಮಕ್ಕಳನ್ನೂ ಸಾಮಾನನ್ನೂ ಅದರಲ್ಲಿ ಒಯ್ಯುವುದು ರೂಢಿಯಾಯಿತು. ೧೯೯೦ರ ದಶಕದಲ್ಲಿ ಅಮೆರಿಕದ ರಾಸ್ ಇವಾನ್ಸನು ನಿಕರಾಗುವಾದ ಬಡಜನರಿಗಾಗಿ ಸಾಧಾರಣ ಸೈಕಲ್ಲಿನ ಹಿಂಭಾಗವನ್ನು ಉದ್ದಮಾಡಿ ಹೊರೆಗೆ ಎಡೆಮಾಡುವ ಉಪಾಯವನ್ನು ಯೋಚಿಸಿದನು. ಇವುಗಳ ಜೊತೆಗೆ ಹಿಂದೆ ಕಟ್ಟುವ ಗಾಡಿ, ಅಂದರೆ ಟ್ರೈಲರು. ಇದರ ಗುಣವೇನೆಂದರೆ, ಹೊರೆಯಿಲ್ಲದ ದಿನ ಕಳಚಿಡಬಹುದು. ಇದ್ದ ಸೈಕಲ್ಲೇ ಸಾಕು. ದೋಷವೇನೆಂದರೆ, ಇಳಿಜಾರಿನಲ್ಲಿ ಹೊರೆಯು ಹಿಂದಿನಿಂದ ಸೈಕಲ್ಲನ್ನು ನೂಕುತ್ತದೆ. ಜರ್ಮನಿಯ ಫ್ರೈಬುರ್ಗಿನಲ್ಲಿ ರೂಪುಗೊಂಡ 'ಕಾರ್ಲಾ' ಎಂಬ ಟ್ರೈಲರು ಸುಮಾರು ೧೫೦ ಕಿಲೋಗ್ರಾಂ ಹೊರುತ್ತದೆ. ನೂಕುವಿಕೆಯನ್ನು ತಡೆಯಲು ತನ್ನದೇ ಬ್ರೇಕನ್ನೂ, ಏರಿಗೆ ತನ್ನದೇ ಮೋಟಾರನ್ನೂ ಅದಕ್ಕೆ ಅಳವಡಿಸುತ್ತಾರೆ. ಸೈಕಲ್ಲಿನಿಂದ ಬಿಡಿಸಿ ಕೈಗಾಡಿಯಾಗಿಯೂ ತಳ್ಳಬಹುದು.

ಇದರಿಂದ ಆದ ಪ್ರಯೋಜನವನ್ನು ಅಳೆದು ನೋಡಿದವರೂ ಉಂಟು. ೨೦೧೧ರಿಂದ ೨೦೧೪ರವರೆಗೆ ಯೂರೋಪಿನಲ್ಲಿ ನಡೆದ ಒಂದು ಪರಿಶೀಲನೆಯಂತೆ, ಪಟ್ಟಣಗಳಲ್ಲಿ ಸಾಮಾನನ್ನು ಸಾಗಿಸುವ ಮೋಟಾರು ಪ್ರಯಾಣಗಳಲ್ಲಿ ನೂರಕ್ಕೆ ೫೧ನ್ನು ಸೈಕಲ್ಲಿಗೆ ಒಪ್ಪಿಸಬಹುದು. ೨೦೨೧ರಲ್ಲಿ ಲಂಡನ್ನಿನ ನಡುಪಟ್ಟಣದ ಬಟವಾಡೆಗಳನ್ನು ವೆಸ್ಟ್‌ಮಿನ್‌ಸ್ಟರ್ ವಿಶ್ವವಿದ್ಯಾಲಯದವರು ತುಲನೆಮಾಡಿದಾಗ, ವ್ಯಾನು ಗಂಟೆಗೆ ೬ ಗಂಟುಗಳನ್ನು ಮುಟ್ಟಿಸುವಲ್ಲಿ ಹೊರೆಯ ಸೈಕಲ್ಲು ೧೦ನ್ನು ಮುಟ್ಟಿಸಿತು. ವ್ಯಾನಿಗೆ ಓಡುವ ವೇಗವಿದ್ದರೂ ಓಡಲು ಬೀದಿಯಿಲ್ಲ, ನಿಲ್ಲಲು ಸ್ಥಳವಿಲ್ಲ. ೧೯೦೭ರಲ್ಲಿ ಬೈಸಿಕಲ್ಲಿನಿಂದ ಆರಂಭವಾದ ಯುನೈಟೆಡ್ ಪಾರ್ಸೆಲ್ ಸಂಸ್ಥೆಯೇ ೨೦೧೨ರಲ್ಲಿ ಹ್ಯಾಂಬರ್ಗ್ ನಗರದ ನಡುವೆ ಪೆಟ್ಟಿಗೆಗಳ ಉಗ್ರಾಣವನ್ನು ಇರಿಸಿ, ಅಲ್ಲಿಂದ ಮನೆಮನೆಗೆ ಗಂಟುಗಳನ್ನು ಸೈಕಲ್ಲಿನಿಂದಲೂ ನಡಿಗೆಯಿಂದಲೂ ಮುಟ್ಟಿಸತೊಡಗಿತು.

ಭಾರತದಲ್ಲಿ ಈ ವಿಚಾರವು ಮೊದಲು ಹುಟ್ಟಿದುದು ದುಡಿಯುವವನ ಮೇಲಿನ ಕನಿಕರದಿಂದ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಪ್ರಥಮ ನಿರ್ದೇಶಕರಾದ ಎನ್. ಎಸ್. ರಾಮಸ್ವಾಮಿಯವರು, ದೊಡ್ಡ ಕಾರ್ಖಾನೆಗಳ ಆಡಳಿತವನ್ನು ಕಲಿಸುವ ಆ ಸಂಸ್ಥೆಯಲ್ಲಿದ್ದುಕೊಂಡೇ, ಎತ್ತಿನ ಗಾಡಿಯೂ ಯಂತ್ರಶಾಸ್ತ್ರದ ಗಮನಕ್ಕೆ ಅರ್ಹವೆಂದು ವಾದಿಸಿದರು; ಕೊರಳನ್ನು ಒರೆಯುವ ನೊಗವನ್ನೂ ತೊಡಕಿನ ಗಾಲಿಯನ್ನೂ ತಿದ್ದಬೇಕೆಂದು ಹೇಳಿದರು. ಮಹಾರಾಷ್ಟ್ರದ ಫಲಟಣದ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಅನಿಲ ರಾಜವಂಶಿಯವರು ಸೈಕಲ್ ರಿಕ್ಷಾವನ್ನು ಸುಧಾರಿಸಿ ಅದಕ್ಕೆ ಮೋಟಾರಿನ ನೆರವನ್ನು ಕೂಡಿಸಿದರು. ೨೦೦೮ನೆಯ ಅಕ್ಟೋಬರ್ ೨ರಂದು ದೆಹಲಿಯಲ್ಲಿ ಕೇಂದ್ರದ ವೈಜ್ಞಾನಿಕ ಸಂಶೋಧನಾ ಮಂಡಲಿಯವರು ಸೂರ್ಯಶಕ್ತಿಯಿಂದ ತುಂಬಿದ ಬ್ಯಾಟರಿಯ ರಿಕ್ಷಾವನ್ನು ಬೀದಿಗಿಳಿಸಿದರು. ೨೦೧೪ರಲ್ಲಿ ಕೇಂದ್ರ ಸರ್ಕಾರವು ಮೋಟಾರು ವಾಹನ ನಿಯಮಗಳಲ್ಲಿ ವಿದ್ಯುತ್ ಗಾಡಿಗೆ ಸ್ಥಾನ ಕೊಟ್ಟು, ಹೊರೆಯನ್ನು ೩೧೦ ಕಿಲೋಗ್ರಾಂಗೂ ವೇಗವನ್ನು ಗಂಟೆಗೆ ೨೫ ಕಿಲೋಮೀಟರಿಗೂ ಮಿತಿಗೊಳಿಸಿತು. ಇದು ತುಳಿಯುವ ವಾಹನವಲ್ಲ, ಪೂರ್ಣವಾಗಿ ವಿದ್ಯುತ್ತಿನಿಂದ ನಡೆಯುವುದು. ೨೫೦ ವಾಟಿಗಿಂತ ಕಡಿಮೆ ಶಕ್ತಿಯ, ಅದೇ ವೇಗಮಿತಿಯ ಹಗುರವಾದ ಸೈಕಲ್ಲನ್ನು ಮಾತ್ರ ಆ ನಿಯಮಗಳು ಮೋಟಾರು ವಾಹನವೆಂದು ಎಣಿಸುವುದಿಲ್ಲ.

ಆದರೆ ಇಲ್ಲಿಯೇ ವಿಚಾರವಂತರು ಗಮನಿಸಬೇಕಾದ ವೈಪರೀತ್ಯವೊಂದಿದೆ. ಕೋಪನ್‌ಹೇಗನ್ನಿನಲ್ಲಿ ಹೊರೆಯ ಸೈಕಲ್ಲು ಗೌರವದ ಕುರುಹು. ಅದಕ್ಕೆ ಪ್ರತ್ಯೇಕವಾದ ದಾರಿಯುಂಟು. ಕಲ್ಕತ್ತೆಯಲ್ಲಾದರೋ, ೨೦೧೩ರಲ್ಲಿ ಪೋಲೀಸರು ೧೭೦ಕ್ಕೂ ಮಿಕ್ಕ ರಸ್ತೆಗಳಲ್ಲಿ ಸೈಕಲ್ಲುಗಳನ್ನೂ ಸೈಕಲ್ ಬಂಡಿಗಳನ್ನೂ ಕೈಗಾಡಿಗಳನ್ನೂ ನಿಷೇಧಿಸಿದರು. ಮೋಟಾರುಗಳ ಓಟಕ್ಕೆ ಅವು ಅಡ್ಡಿಯೆಂಬುದು ಕಾರಣ. ಹಾಲಿನವನೂ ಪತ್ರಿಕೆಯವನೂ ಮೀನಿನವನೂ ದಂಡ ತೆರಬೇಕಾಯಿತು. ಜನರ ಆಕ್ಷೇಪಣೆಯ ತರುವಾಯ ರಸ್ತೆಗಳ ಸಂಖ್ಯೆಯನ್ನು ಇಳಿಸಿದರು. ದೆಹಲಿಯಲ್ಲಿ ಸೈಕಲ್ ರಿಕ್ಷಾಗಳ ಸಂಖ್ಯೆಗೆ ಹಾಕಿದ್ದ ಮಿತಿಯನ್ನು ೨೦೧೦ರಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯವು ರದ್ದುಮಾಡಿತು. ಒಂದೇ ಗಾಲಿ, ಒಂದೇ ಸರಪಳಿ; ಒಂದೆಡೆ ಅದನ್ನು ಮುಂದಿನ ಕಾಲದ ವಾಹನವೆಂದು ಸ್ವಾಗತಿಸುವರು, ಇನ್ನೊಂದೆಡೆ ಕಳೆದ ಕಾಲದ ಕಸವೆಂದು ತಳ್ಳುವರು. ಭೇದವಿರುವುದು ಯಂತ್ರದಲ್ಲಲ್ಲ, ಅದನ್ನು ತುಳಿಯುವವನ ಅಂತಸ್ತಿನಲ್ಲಿ.

ಹಾಗೆಂದು ಈ ವಾಹನದಿಂದ ಸಕಲ ಕಷ್ಟಗಳೂ ಪರಿಹಾರವಾದುವೆಂದು ತಿಳಿಯಲಾಗದು. ಕಲ್ಲು ಮರಳುಗಳನ್ನು ಲಾರಿಯೇ ಸಾಗಿಸಬೇಕು; ಊರಿಂದೂರಿಗೆ ಧಾನ್ಯವನ್ನು ರೈಲೇ ಒಯ್ಯಬೇಕು. ಅಗ್ಗವಾದ ಬ್ಯಾಟರಿಯನ್ನು ಅಜಾಗರೂಕತೆಯಿಂದ ತುಂಬಿದರೆ ಬೆಂಕಿಯ ಭಯವುಂಟು. ಇನ್ನೂರು ಕಿಲೋ ಹೊತ್ತ ಸೈಕಲ್ಲಿಗೆ ಹಗುರವಾದ ಸೈಕಲ್ಲಿನ ಬ್ರೇಕು ಸಾಲದು. ಎಲ್ಲಕ್ಕಿಂತ ಮಿಗಿಲಾಗಿ, ಮೋಟಾರು ಉಳಿಸಿಕೊಟ್ಟ ಶ್ರಮವು ಯಾರ ಪಾಲಿಗೆ ಸೇರುವುದೆಂಬ ಪ್ರಶ್ನೆಯುಂಟು. ಮೊದಲು ದಿನಕ್ಕೆ ಇಪ್ಪತ್ತು ಮನೆಗಳಿಗೆ ಹೊರೆ ಮುಟ್ಟಿಸುತ್ತಿದ್ದವನಿಂದ, ನೆರವು ದೊರೆಯಿತೆಂದು ಅದೇ ಕೂಲಿಗೆ ನಲವತ್ತು ಮನೆಗಳನ್ನು ಮಾಡಿಸಿದರೆ, ಅವನ ಮೊಣಕಾಲಿಗೆ ದೊರೆತ ವಿಶ್ರಾಂತಿಯೆಲ್ಲಿ? ಆಗ ಯಂತ್ರವು ಹೊರೆಯನ್ನು ಇಳಿಸಿದಂತಾಗಲಿಲ್ಲ. ಹೊರೆಯ ರೂಪವನ್ನು ಬದಲಿಸಿದಂತಾಯಿತು.

ಬೈಸಿಕಲ್ಲಿನ ಈ ಇನ್ನೂರು ವರ್ಷಗಳ ಚರಿತ್ರೆಯಿಂದ ತಿಳಿಯಬರುವುದು ಇಷ್ಟು. ಹತ್ತು ಸೇರು ತರಕಾರಿಯನ್ನು ಎರಡು ಮೈಲಿ ಒಯ್ಯುವುದಕ್ಕೆ ಟನ್ನುಗಟ್ಟಲೆ ತೂಗುವ ಮೋಟಾರು ಬೇಕಾಗಿಲ್ಲ, ಮನುಷ್ಯನ ಬೆನ್ನೂ ಮುರಿಯಬೇಕಾಗಿಲ್ಲ. ಇವೆರಡರ ನಡುವಿನ ಸಾಧನವು ಈಗ ಕೈಗೆ ದೊರೆತಿದೆ. ಗಾಲಿಯನ್ನು ಕೊಟ್ಟವನು ಬಡಗಿ, ಸರಪಳಿಯನ್ನು ಕೊಟ್ಟವನು ಕಮ್ಮಾರ, ಬ್ಯಾಟರಿಯನ್ನು ಕೊಟ್ಟವನು ರಸಾಯನಶಾಸ್ತ್ರಜ್ಞ. ಉಳಿದುದು ನಗರಸಭೆಗಳ ಪಾಲಿನ ಕೆಲಸ: ನಿಧಾನವಾಗಿ ಹೋಗುವ ಹೊರೆಗೆ ರಸ್ತೆಯಲ್ಲಿ ಒಂದು ಮಾರು ಎಡೆಯನ್ನು ಬಿಡುವುದು. ಅದಕ್ಕೆ ಯಾವ ಹೊಸ ಆವಿಷ್ಕಾರವೂ ಬೇಕಾಗಿಲ್ಲ.